ಠರಾವು ಸಂಖ್ಯೆ ಹದಿನಾಲ್ಕು

ನಡಾವಳಿ ಪುಸ್ತಕ ಬರೆಯುವವಳು ನಾನು.
ಯಾರು ಮೇಜು ಗುದ್ದಿದರು, ಯಾರು ಫೋನು ನೋಡುತ್ತ ಕೂತರು,
ಉದ್ದಿನ ವಡೆ ಎಷ್ಟು ತಟ್ಟೆ ಮಿಕ್ಕಿತು
ಇವು ಯಾವುವೂ ಅದರಲ್ಲಿ ಬರುವಂತಿಲ್ಲ.
‘ಸುದೀರ್ಘವಾಗಿ ಚರ್ಚಿಸಿ ತೀರ್ಮಾನಿಸಲಾಯಿತು’—
ಇಪ್ಪತ್ತಾರು ವರ್ಷದಿಂದ ಈ ಒಂದು ವಾಕ್ಯಕ್ಕೇ
ನನಗೆ ಸಂಬಳ.

ಅಂದಿನ ವಿಷಯ: ಮುಂದಿನ ಇಪ್ಪತ್ತು ವರ್ಷದ ಅರಸೀಕೆರೆ.
ಮೈಸೂರಿನಿಂದ ಬಂದ ಹುಡುಗ ಗೋಡೆಗೆ ಬೆಳಕು ಚೆಲ್ಲಿ
ಊರನ್ನು ತೋರಿಸಿದ: ಹಸಿರು ಹಚ್ಚಿದ ಉದ್ಯಾನ,
ಕೆರೆಯ ಸುತ್ತ ನಡೆದಾಡಲು ಕೆಂಪು ಹಾಸು,
ಸೋಲಾರ್ ದೀಪ, ಕಲ್ಲು ಬೆಂಚು,
ಬೆಂಚಿನ ಮೇಲೆ ನಮ್ಮೂರಿನವರಲ್ಲದ ಗಂಡ, ಹೆಂಡತಿ, ಮಗು.
ಕೆರೆಯಂತೂ ತುಂಬಿ ತುಳುಕುತ್ತಿತ್ತು,
ಗೋಡೆಯ ಬಿರುಕೊಂದು ಅದರ ನಡುವೆ ಹಾದಿತ್ತು.

ಕುಡಿಯುವ ನೀರು ತಂದಿದ್ದ ವಾಲ್ವು ತಿರುಗಿಸುವ ಚೌಡಪ್ಪ
ಕ್ಯಾನು ಹೆಗಲಿಂದಿಳಿಸದೆ ನೋಡುತ್ತ ನಿಂತ.
‘ಸೋಮಿ, ಈ ನೀರು ಯಾವ ಕಡೆಯಿಂದ ಬತ್ತದೆ?’
ಕೆಲವರು ನಕ್ಕರು. ಮಳೆಯಿಂದ ಕಣಯ್ಯ, ಅಂದರು.
‘ಮಳೆ ಹುಯ್ಯಾದು ಗುಡ್ಡದ ಮ್ಯಾಲೆ. ಅಲ್ಲಿಂದ ಕೆರೆಗೆ
ಅದು ಬಸ್ಸು ಹತ್ಕೊಂಡು ಬರಾಕಿಲ್ಲ.’

ಹುಡುಗ ಒಳ್ಳೆಯವನು. ನಕಾಶೆ ಬಿಚ್ಚಿ ಮೇಜಿನ ಮೇಲೆ ಹಾಸಿದ.
ನನ್ನ ಕೆಂಪು ಪೆನ್ನು ಕೇಳಿ ಇಸಕೊಂಡು
ಚೌಡಪ್ಪ ಕೆರೆಯ ಬಾಯಿಂದ ಹಿಂದಕ್ಕೆ ಗೆರೆ ಎಳೆದ,
ಅಕ್ಷರ ಬಾರದ ಕೈ, ನಡುಗಲಿಲ್ಲ:
ಕೋರ್ಟಿನ ಹಿಂದೆ ಒಂದು ತಿರುವು,
ಉರ್ದು ಶಾಲೆಯ ಹಿತ್ತಲು
(ಮಳೆಗಾಲ ಅಲ್ಲಿ ಮಕ್ಕಳ ಚಪ್ಪಲಿ ತೇಲುತ್ತವೆ),
ರೈಲು ಹಳಿಯಡಿಯ ಮೋರಿ, ಆಮೇಲೆ ನೇರ
ಮರುಳಸಿದ್ದಪ್ಪನವರ ಕೊಬ್ಬರಿ ಮಂಡಿ.

ಅಲ್ಲಿ ಪೆನ್ನು ನಿಂತಿತು.
ಫ್ಯಾನು ಮಾತ್ರ ತಿರುಗುತ್ತಿತ್ತು.
ನಾಲ್ಕು ಸಲ ಗೆದ್ದವರು ಅವರು. ನಾವು ಕೂತ
ಪ್ರತಿ ಕುರ್ಚಿಯ ಬೆನ್ನ ಮೇಲೂ ಅವರ ತಂದೆಯ ಹೆಸರು.

ಹನ್ನೊಂದನೇ ವಾರ್ಡಿನ ಶಾಹೀದಾ ಬಾನು ಕೇಳಿದರು:
‘ಅಣ್ಣಾ, ಮಂಡಿ ಕಟ್ಟೋ ಮೊದಲು ಅಲ್ಲೇನಿತ್ತು?’
ಅವರು ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಲಿಲ್ಲ.
‘ನಮ್ಮಪ್ಪ ಮುಚ್ಚಿಸಿದ್ದು. ಮಣ್ಣು ದುಬಾರಿ ಅಂತ
ಕಾಯಿಮಟ್ಟೆ ತುಂಬಿಸಿದ.
ಮಕ್ಕರಿ ಹೊತ್ತವರಲ್ಲಿ ನಾನೂ ಒಬ್ಬ, ಚಡ್ಡಿ ಹಾಕೋ ವಯಸ್ಸು.
ಈಗಲೂ ಬೇಸಗೇಲಿ ಆ ಮೂಲೆ ತಂಪು,
ಕೊಬ್ಬರಿ ಬೂಸ್ಟು ಹಿಡಿಯುತ್ತೆ.
ವರ್ಷಾ ವರ್ಷಾ ನಷ್ಟ.
ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ.’

ಇದನ್ನು ಯಾವ ಕಾಲಂನಲ್ಲಿ ಬರೆಯಲಿ?

ಚೌಡಪ್ಪ ಗೆರೆಯನ್ನು ಮಂಡಿ ದಾಟಿಸಿ
ಹಿರೇಕಲ್ಲು ಗುಡ್ಡಕ್ಕೆ ಮುಟ್ಟಿಸಿ, ಕ್ಯಾನೆತ್ತಿಕೊಂಡು ಹೋದ.

ಮುಂದಿನದು ಎಲ್ಲ ಸಭೆಯಂತೆ.
ಒಬ್ಬರು ಪರಿಹಾರ ಅಂದರು, ಒಬ್ಬರು ಸರ್ವೆ ಅಂದರು,
ಇಬ್ಬರು ನಡುವೆ ಎದ್ದು ಹೋದರು. ಅಧ್ಯಕ್ಷೆ
ಬೆಂಚು ಬೇಡ, ಹಾಸು ಬೇಡ, ಆ ದುಡ್ಡಲ್ಲಿ
ಈ ವರ್ಷ ಕೆರೆಯಿಂದ ಶಾಲೆಯವರೆಗೆ ತೋಡೋಣ, ಅಂದರು.
ಮಂಡಿ? ‘ಮುಂದಿನ ಸಭೆಗೆ.’
ಮರುಳಸಿದ್ದಪ್ಪ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ಮೂವತ್ತೊಂದರಲ್ಲಿ ಎದ್ದ ಕೈ ಹದಿನಾರು.
ಹದಿನಾರನೆಯದು ಅವರದು;
ಒಪ್ಪಿ ಎತ್ತಿದ್ದೋ, ಬೆವರೊರೆಸಲು ಎತ್ತಿದ್ದೋ,
ನಾನು ಎಣಿಸಿಕೊಂಡೆ.
ಸುದೀರ್ಘವಾಗಿ ಚರ್ಚಿಸಿ ತೀರ್ಮಾನಿಸಲಾಯಿತು.

ಸಂಜೆ ಮೂವತ್ತೊಂದು ಪ್ರತಿ ಜೆರಾಕ್ಸ್ ತೆಗೆದರೆ
ಕೆಂಪು ಗೆರೆ ಕಪ್ಪಾಗಿ ಬಂತು.
ರಸ್ತೆ ಯಾವುದು, ಕಾಲುವೆ ಯಾವುದು, ಒಂದೂ ತಿಳಿಯದು;
ನಾಳೆ ಇನ್ಯಾರೋ ರಸ್ತೆಯೆಂದೇ ಓದಿಕೊಂಡು
ಡಾಂಬರು ಹಾಕಿಸಿಬಿಟ್ಟಾರು.
ಎಲ್ಲರೂ ಹೋದ ಮೇಲೆ ಕೂತು
ಒಂದೊಂದರ ಮೇಲೂ ಕೈಯಾರೆ ತಿದ್ದಿದೆ.
ಇಪ್ಪತ್ತೆರಡು ಮುಗಿಯುವಾಗ ಪೆನ್ನು ಒಣಗಿತು.
ಮಿಕ್ಕವಕ್ಕೆ ಬೆಂಕಿಕಡ್ಡಿಯೊಂದನ್ನು
ಮುದ್ರೆಯ ಪ್ಯಾಡಿಗೆ ಒತ್ತಿ ಒತ್ತಿ ಎಳೆದೆ.

ಹಾಗಾಗಿ ಒಂಬತ್ತು ವಾರ್ಡುಗಳಲ್ಲಿ
ನಮ್ಮ ಕಾಲುವೆ
ನೇರಳೆ ಬಣ್ಣದಲ್ಲಿ ಹರಿಯುತ್ತದೆ.